ಕಂತಿನ ದಿನ ಕೈಯಲ್ಲಿ ದುಡ್ಡಿರುತ್ತಾ? ಬೆಂಗಳೂರಲ್ಲಿ ಸಣ್ಣ ವ್ಯಾಪಾರ ಮಾಡುವ ಹೆಣ್ಣುಮಕ್ಕಳು ಸಾಲ, ತರಬೇತಿ ಆರಿಸುವ ಬಗೆ

ಲಗ್ಗೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಅದಕ್ಕೂ ಮುಂಚೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ದುಡಿದೆ. ನಮ್ಮ ಬೀದಿಯ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇರುತ್ತದೆ. ಹಾಗಾಗಿ ಸಾಲ ಬೇಕಾದವರು ಮೊದಲು ನನ್ನ ಅಂಗಡಿ ಮೆಟ್ಟಿಲು ಹತ್ತುತ್ತಾರೆ. "ಅಕ್ಕ, ಐವತ್ತು ಸಾವಿರ ಬೇಕಿತ್ತು, ಎಲ್ಲಿ ಬಡ್ಡಿ ಕಡಿಮೆ?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ: "ಹಾಕಿದ ದುಡ್ಡು ಎಷ್ಟು ದಿನಕ್ಕೆ ನಿನ್ನ ಕೈಗೆ ವಾಪಸ್ ಬರುತ್ತೆ?"

ಈ ಪ್ರಶ್ನೆಯನ್ನು ನಾನು ಏಟು ತಿಂದು ಕಲಿತೆ. ಅಂಗಡಿ ಶುರು ಮಾಡಿದ ವರ್ಷ ಒಂದು ಶಾಲೆಯ ಯೂನಿಫಾರ್ಮ್ ಆರ್ಡರ್ ಸಿಕ್ಕಿತು. ಒಂದು ಮೈಕ್ರೋಫೈನಾನ್ಸ್ ಕಂಪನಿಯಿಂದ 30,000 ರೂಪಾಯಿ ತೆಗೆದುಕೊಂಡೆ. ಎರಡು ಹಳೇ ಮಿಷನ್, ಒಂದಿಷ್ಟು ಬಟ್ಟೆ ತಂದೆ. ಮುಂದಿನ ವಾರದಿಂದಲೇ ಕಂತು ಶುರು. ಶಾಲೆಯವರು ದುಡ್ಡು ಕೊಟ್ಟಿದ್ದು ಮೂರು ತಿಂಗಳಾದ ಮೇಲೆ. ನಡುವಿನ ಕಂತುಗಳಿಗೆ ನನ್ನ ಕಿವಿಯ ಓಲೆ ಗಿರವಿಗೆ ಹೋಯಿತು, ಆಮೇಲೆ ಪಕ್ಕದ ಮನೆಯಿಂದ ಕೈಸಾಲ ಬಂತು. ಆರ್ಡರಿನಲ್ಲಿ ಲಾಭವೇನೋ ಇತ್ತು. ಆದರೆ ಆ ಲಾಭವೆಲ್ಲ ಓಲೆ ಬಿಡಿಸಿಕೊಳ್ಳುವುದಕ್ಕೇ ಆಯಿತು. ಬಡ್ಡಿ ಎರಡು ಪರ್ಸೆಂಟ್ ಕಡಿಮೆ ಇದ್ದಿದ್ದರೂ ಕತೆ ಬದಲಾಗುತ್ತಿರಲಿಲ್ಲ. ಕಂತಿನ ದಿನಕ್ಕೂ ನನ್ನ ವರಮಾನದ ದಿನಕ್ಕೂ ತಾಳೆಯೇ ಇರಲಿಲ್ಲ.

ಹೂ ಮಾರುವವರಿಗೆ ಬೆಳಿಗ್ಗೆ ಹಾಕಿದ ದುಡ್ಡು ಸಂಜೆಗೆ ಬರುತ್ತದೆ. ಸೊಪ್ಪು, ತರಕಾರಿಯೂ ಹಾಗೆಯೇ. ಚಪಾತಿ, ಹೋಳಿಗೆ ಮಾಡಿ ಅಂಗಡಿಗಳಿಗೆ ಹಾಕುವವರಿಗೆ ವಾರ, ಹತ್ತು ದಿನ. ಮನೆಯಲ್ಲೇ ಸೀರೆ ಮಾರುವವರಿಗೆ ಎರಡು ಮೂರು ತಿಂಗಳು, ಯಾಕೆಂದರೆ ಎಲ್ಲರೂ ಕಂತಿನಲ್ಲೇ ಕೊಡುತ್ತಾರೆ. ಪಾರ್ಲರ್‌ಗೆ ಕುರ್ಚಿ, ಕನ್ನಡಿ ಹಾಕಿಸಿದರೆ ಆ ದುಡ್ಡು ಮರಳುವುದಕ್ಕೆ ವರ್ಷವೇ ಬೇಕು. ಯಾರಿಗೆ ಯಾವ ಸಾಲ ಒಗ್ಗುತ್ತದೆ ಅನ್ನುವುದರ ಅರ್ಧ ಉತ್ತರ ಇಲ್ಲೇ ಇದೆ. ಕೆಳಗೆ ಒಂದೊಂದೇ ಸಾಲವನ್ನು ಹೋಲಿಸುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಎರಡನ್ನೂ "ಸಂಘ" ಅನ್ನುತ್ತೇವೆ, ಎರಡೂ ಒಂದೇ ಅಲ್ಲ

ನಮ್ಮ ಕಡೆ ಸ್ವಸಹಾಯ ಸಂಘಕ್ಕೂ ಸಂಘ ಅನ್ನುತ್ತಾರೆ, ಮೈಕ್ರೋಫೈನಾನ್ಸ್ ಗುಂಪಿಗೂ ಸಂಘ ಅನ್ನುತ್ತಾರೆ. ಈ ಗೊಂದಲದಿಂದಲೇ ಎಷ್ಟೋ ಜನ ಮೋಸ ಹೋಗಿದ್ದಾರೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸ್ವಸಹಾಯ ಸಂಘದಲ್ಲಿ 10ರಿಂದ 20 ಹೆಂಗಸರು ಇರುತ್ತೇವೆ. ಮೊದಲು ಉಳಿತಾಯ, ಆಮೇಲೆ ಸಾಲ. ವಾರಕ್ಕೆ 50 ಅಥವಾ 100 ರೂಪಾಯಿ ಕಟ್ಟುತ್ತಾ ಹೋಗುತ್ತೇವೆ. ಆ ದುಡ್ಡನ್ನೇ ನಮ್ಮೊಳಗೆ ಸಾಲ ಕೊಟ್ಟುಕೊಳ್ಳುತ್ತೇವೆ. ಬಡ್ಡಿ ಎಷ್ಟು ಅಂತ ನಾವೇ ತೀರ್ಮಾನಿಸುತ್ತೇವೆ, ಬಂದ ಬಡ್ಡಿಯೂ ನಮ್ಮ ಸಂಘಕ್ಕೇ ಸೇರುತ್ತದೆ. ಸಭೆ, ಉಳಿತಾಯ, ಸಾಲ, ಮರುಪಾವತಿ, ಲೆಕ್ಕ ಬರೆಯುವುದು ಈ ಐದೂ ಸರಿಯಾಗಿ ನಡೆಯುತ್ತಿದ್ದರೆ ಆರು ತಿಂಗಳಾದ ಮೇಲೆ ಬ್ಯಾಂಕ್ ಕೂಡ ಸಂಘಕ್ಕೆ ಸಾಲ ಕೊಡುತ್ತದೆ. ಈ ಪದ್ಧತಿ ಬೆಳೆದಿದ್ದರಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಬೆಂಗಳೂರಿನ ಮೈರಾಡ ಸಂಸ್ಥೆ 1980ರ ದಶಕದಲ್ಲೇ ಇಂಥ ಗುಂಪುಗಳನ್ನು ಕಟ್ಟಿತ್ತು. 1992ರಲ್ಲಿ ಕೃಷಿ, ಗ್ರಾಮೀಣ ಅಭಿವೃದ್ಧಿಯ ಬ್ಯಾಂಕಾದ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಶುರು ಮಾಡಿತು. 2000–01ರಲ್ಲಿ ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಇವತ್ತಿಗೂ ಅಂಗನವಾಡಿ ಟೀಚರನ್ನು ಕೇಳಿದರೆ ಹತ್ತಿರದ ಸ್ತ್ರೀಶಕ್ತಿ ಗುಂಪು ಎಲ್ಲಿದೆ ಅಂತ ಹೇಳುತ್ತಾರೆ.

ಮೈಕ್ರೋಫೈನಾನ್ಸ್ ಗುಂಪಿನಲ್ಲಿ ದುಡ್ಡು ಕಂಪನಿಯದು. ಐದೋ ಹತ್ತೋ ಹೆಂಗಸರು ಒಬ್ಬರಿಗೊಬ್ಬರು ಜಾಮೀನು. ಫೀಲ್ಡ್ ಆಫೀಸರ್ ಸೆಂಟರ್ ಮೀಟಿಂಗ್‌ಗೆ ಬಂದು ಕಂತು ತೆಗೆದುಕೊಂಡು ಹೋಗುತ್ತಾರೆ. ಒಬ್ಬರು ಕಟ್ಟದಿದ್ದರೆ ಉಳಿದವರು ಹಾಕಬೇಕು. ಇದಕ್ಕೂ ಬೆಂಗಳೂರೇ ತವರು ಅನ್ನಬಹುದು. ಗ್ರಾಮೀಣ ಕೂಟ ಶುರುವಾಗಿದ್ದು 1999ರಲ್ಲಿ, ಈಗ ಅದು ಕ್ರೆಡಿಟ್ ಆಕ್ಸೆಸ್ ಗ್ರಾಮೀಣ್. ಉಜ್ಜೀವನ್ 2005ರಲ್ಲಿ ಹುಟ್ಟಿ ಈಗ ಸ್ಮಾಲ್ ಫೈನಾನ್ಸ್ ಬ್ಯಾಂಕ್ ಆಗಿದೆ. ಜನಲಕ್ಷ್ಮಿ ಕೂಡ ಹಾಗೇ ಬ್ಯಾಂಕಾಯಿತು. ಮೂರರ ಮುಖ್ಯ ಕಚೇರಿಯೂ ಈ ಊರಲ್ಲೇ ಇದೆ.

ಯಾವುದು ಮೇಲು? ನಿಮಗೆ ಆರು ತಿಂಗಳು ಕಾಯುವ ತಾಳ್ಮೆ ಇದ್ದರೆ, ಬೀದಿಯಲ್ಲಿ ನಂಬುವಂಥ ಹತ್ತು ಜನ ಇದ್ದರೆ, ಕಣ್ಣು ಮುಚ್ಚಿಕೊಂಡು ಸ್ವಸಹಾಯ ಸಂಘ ಅನ್ನುತ್ತೇನೆ. ಕಂತು ತಡವಾದರೆ ಅಲ್ಲಿ ಮಾತಾಡಿಕೊಳ್ಳಬಹುದು. ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ತರಕಾರಿ ಗಾಡಿಯವಳಿಗೆ ಮೂರು ವಾರ ವ್ಯಾಪಾರವೇ ಇರಲಿಲ್ಲ. ಸಭೆಯಲ್ಲಿ ಕೂತು ಮಾತಾಡಿ ಅವಳ ಕಂತನ್ನು ಮುಂದಕ್ಕೆ ಹಾಕಿದೆವು. ಕಂಪನಿಯ ಸಾಲದಲ್ಲಿ ಇದು ಸುಲಭಕ್ಕೆ ಆಗುವ ಮಾತಲ್ಲ. ಆದರೆ ಸಂಘದಿಂದ ಶುರುವಿನಲ್ಲೇ ದೊಡ್ಡ ಮೊತ್ತ ಸಿಗುವುದಿಲ್ಲ. ಇನ್ನೊಂದು ಕಷ್ಟವೂ ಇದೆ. ಬೆಂಗಳೂರಲ್ಲಿ ಬಾಡಿಗೆ ಮನೆಯವರೇ ಜಾಸ್ತಿ. ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಾಯಿಸುವವರನ್ನು ಇಟ್ಟುಕೊಂಡು ಸಂಘ ನಡೆಸುವುದು ಬಹಳ ಕಷ್ಟ. ಹಳ್ಳಿಯ ಸಂಘದಷ್ಟು ಗಟ್ಟಿಯಾಗಿ ಇಲ್ಲಿ ಸಂಘ ನಿಲ್ಲದಿರುವುದಕ್ಕೆ ಇದೇ ಮುಖ್ಯ ಕಾರಣ ಅಂತ ನನ್ನ ಅನಿಸಿಕೆ.

ಮೈಕ್ರೋಫೈನಾನ್ಸ್ ಬೇಗ ಸಿಗುತ್ತದೆ, ಅಡವು ಕೇಳುವುದಿಲ್ಲ, ಮನೆ ಬಾಗಿಲಿಗೇ ಬರುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ದುಡ್ಡು ತಿರುಗುವ, ಈಗಾಗಲೇ ನಡೆಯುತ್ತಿರುವ ವ್ಯಾಪಾರಕ್ಕೆ ಅದು ಒಗ್ಗುತ್ತದೆ. ಇನ್ನೂ ಶುರುವೇ ಆಗದ ವ್ಯಾಪಾರಕ್ಕೆ ಅದನ್ನು ತೆಗೆದುಕೊಳ್ಳಬೇಡಿ. ಮೊದಲ ಕಂತು ಬರುವ ಹೊತ್ತಿಗೆ ಅಂಗಡಿಯ ಬೋರ್ಡ್ ಕೂಡ ಬರೆಸಿರುವುದಿಲ್ಲ. ಕೋಲ್ಕತ್ತಾದಲ್ಲಿ ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಕೆಲವರಿಗೆ ಎರಡು ವಾರಕ್ಕೇ ಕಂತು ಶುರು ಮಾಡಿದರು, ಕೆಲವರಿಗೆ ಎರಡು ತಿಂಗಳು ಬಿಟ್ಟರು. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಜಾಸ್ತಿ ದುಡ್ಡು ಹಾಕಿದರು, ಮೂರು ವರ್ಷದ ಮೇಲೆ ನೋಡಿದಾಗ ಅವರ ಲಾಭವೂ ಜಾಸ್ತಿ ಇತ್ತು. ಆದರೆ ಸಾಲ ಕಟ್ಟದೆ ಬಿಟ್ಟವರೂ ಆ ಗುಂಪಿನಲ್ಲೇ ಹೆಚ್ಚು. ಕಂಪನಿಗಳು ಬಿಡುವು ಕೊಡಲು ಯಾಕೆ ಹಿಂಜರಿಯುತ್ತವೆ ಅಂತ ಇದರಿಂದ ಅರ್ಥವಾಗುತ್ತದೆ. ಆದರೂ ಕೇಳಿ ನೋಡಿ. ವಾರದ ಕಂತಿನ ಬದಲು ತಿಂಗಳ ಕಂತು ಕೊಡುವ ಕಂಪನಿಗಳು ಈಗ ಬಹಳ ಇವೆ.

ಬಡ್ಡಿಯ ಲೆಕ್ಕ

"ನಮ್ಮದು ಬರೀ 12 ಪರ್ಸೆಂಟ್ ಮೇಡಂ" ಅಂದ ತಕ್ಷಣ ಖುಷಿಪಡಬೇಡಿ. ಅದು ಫ್ಲಾಟ್ ಬಡ್ಡಿಯೋ, ಉಳಿದ ಅಸಲಿನ ಮೇಲಿನ ಬಡ್ಡಿಯೋ ಅಂತ ಕೇಳಿ.

40,000 ರೂಪಾಯಿ, ಎರಡು ವರ್ಷ ಅಂತ ಇಟ್ಟುಕೊಳ್ಳೋಣ. ಫ್ಲಾಟ್ 12 ಅಂದರೆ ವರ್ಷಕ್ಕೆ 4,800, ಎರಡು ವರ್ಷಕ್ಕೆ 9,600. ಒಟ್ಟು ಕಟ್ಟುವುದು 49,600, ತಿಂಗಳಿಗೆ ಸುಮಾರು 2,067. ಇನ್ನೊಂದು ಕಡೆ 24 ಪರ್ಸೆಂಟ್, ಆದರೆ ಉಳಿದ ಅಸಲಿಗೆ ಮಾತ್ರ. ಆಗ ತಿಂಗಳ ಕಂತು ಸುಮಾರು 2,115, ಒಟ್ಟು 50,755ರ ಆಸುಪಾಸು. ಕೇಳುವಾಗ 12 ಮತ್ತು 24, ಅಂದರೆ ದುಪ್ಪಟ್ಟು. ಕೈಯಿಂದ ಹೋಗುವ ದುಡ್ಡಿನಲ್ಲಿ ವ್ಯತ್ಯಾಸ ಎರಡು ವರ್ಷಕ್ಕೆ ಸಾವಿರದ ನೂರೈವತ್ತು ರೂಪಾಯಿ ಅಷ್ಟೇ! ಪ್ರತಿ ತಿಂಗಳೂ ಅಸಲು ಕರಗುತ್ತಿದ್ದರೂ ಫ್ಲಾಟ್‌ನಲ್ಲಿ ಪೂರ್ತಿ 40,000ಕ್ಕೆ ಬಡ್ಡಿ ಹಾಕುತ್ತಾರೆ, ಅದಕ್ಕೇ ಹೀಗೆ. ಆ 12 ನಿಜಕ್ಕೂ ಸುಮಾರು 21.6ಕ್ಕೆ ಸಮ.

ಇದರ ಮೇಲೆ ಪ್ರೊಸೆಸಿಂಗ್ ಫೀ, ವಿಮೆ ಅಂತ ಮೊದಲೇ ಹಿಡಿದುಕೊಳ್ಳುತ್ತಾರೆ. 40,000 ಬರೆಸಿಕೊಂಡು ಕೈಗೆ 38,500 ಕೊಟ್ಟರೆ, ನಿಮ್ಮ ಬಂಡವಾಳ 38,500 ಮಾತ್ರ. ಹಾಗಾಗಿ ನಾನು ಎರಡೇ ಪ್ರಶ್ನೆ ಕೇಳಿಸುತ್ತೇನೆ: ಕೈಗೆ ಎಷ್ಟು ಬರುತ್ತದೆ, ಕೊನೆಯ ಕಂತಿನ ತನಕ ಒಟ್ಟು ಎಷ್ಟು ಕಟ್ಟುತ್ತೇನೆ. ಎಲ್ಲಾ ಕಡೆ ಇದೇ ಎರಡು ಅಂಕಿ ಬರೆಸಿಕೊಂಡು ಬನ್ನಿ. ಪಕ್ಕಪಕ್ಕ ಇಟ್ಟರೆ ಯಾರು ದುಬಾರಿ ಅಂತ ಓದು ಬರದವರಿಗೂ ಗೊತ್ತಾಗುತ್ತದೆ.

ಈ ಅಂಕಿ ಕೇಳುವುದು ನಿಮ್ಮ ಹಕ್ಕು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬಡ್ಡಿ, ಫೀ, ವಿಮೆ ಎಲ್ಲ ಸೇರಿದ ವಿವರದ ಹಾಳೆಯನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಸಾಲದ ಕಾರ್ಡ್ ಕೂಡ ಹಾಗೇ. ವಿಮೆ ಬೇಡ ಅಂದರೆ ಬಲವಂತ ಮಾಡುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಕಂತು ತಪ್ಪಿದರೆ ತಪ್ಪಿದ ಮೊತ್ತಕ್ಕೆ ಮಾತ್ರ ದಂಡ, ಪೂರ್ತಿ ಸಾಲಕ್ಕಲ್ಲ. ಆದರೆ ಅದೇ ನಿಯಮ ಬಡ್ಡಿಗೆ ಇದ್ದ ಮಿತಿಯನ್ನು ತೆಗೆದುಹಾಕಿತು. ಈಗ ಕಂಪನಿಗಳೇ ಬಡ್ಡಿ ತೀರ್ಮಾನಿಸುತ್ತವೆ. ಆದ್ದರಿಂದ ಹೋಲಿಸಿ ನೋಡುವ ಕೆಲಸ ನಮ್ಮ ತಲೆಗೇ ಬಂದಿದೆ.

ಅದೇ ನಿಯಮದ ಇನ್ನೆರಡು ಅಂಕಿ ತಿಳಿದಿರಲಿ. ವರ್ಷಕ್ಕೆ 3 ಲಕ್ಷದ ತನಕ, ಅಂದರೆ ತಿಂಗಳಿಗೆ 25,000 ವರಮಾನ ಇರುವ ಮನೆಗೆ ಅಡವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲಾ ಸಾಲದ ಕಂತು ಸೇರಿ ವರಮಾನದ ಅರ್ಧ ಮೀರಬಾರದು. ಬೆಂಗಳೂರಲ್ಲಿ ಹೆಂಡತಿಯ ಗಾರ್ಮೆಂಟ್ಸ್ ಸಂಬಳ, ಗಂಡನ ಆಟೋ ದುಡಿಮೆ ಸೇರಿದರೆ 25,000 ದಾಟುವ ಮನೆ ಎಷ್ಟೋ ಇವೆ. ಸಾಲ ಸಿಗಲಿ ಅಂತ ವರಮಾನ ಕಡಿಮೆ ಬರೆಸಬೇಡಿ. ಮೊತ್ತ ಜಾಸ್ತಿ ಸಿಗಲಿ ಅಂತ ಹೆಚ್ಚು ಬರೆಸುವುದೂ ಬೇಡ. ಮತ್ತೆ, ಆ ಅರ್ಧ ಅನ್ನುವ ಮಿತಿ ಈ ಊರಿಗೆ ಬಹಳ ಜಾಸ್ತಿಯಾಯಿತು ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಬಾಡಿಗೆಗೆ ಕಾಲು ಭಾಗ ಹೋದ ಮೇಲೆ, ಅರ್ಧ ಕಂತಿಗೆ ಕೊಟ್ಟು ಉಳಿದಿದ್ದರಲ್ಲಿ ಸಂಸಾರ ನಡೆಯುತ್ತದಾ? ವ್ಯಾಪಾರದ ಲಾಭದಲ್ಲಿ ಮೂರನೇ ಒಂದು ಪಾಲಿಗಿಂತ ಕಂತು ಜಾಸ್ತಿ ಇರಬಾರದು ಅಂತ ನಮ್ಮ ಸಂಘದಲ್ಲಿ ಮಾಡಿಕೊಂಡಿದ್ದೇವೆ.

ಗೃಹಲಕ್ಷ್ಮಿಯ 2,000 ಬರುತ್ತದಲ್ಲ, ಅದರಲ್ಲೇ ಕಂತು ಕಟ್ಟುತ್ತೇನೆ ಅನ್ನುವವರೂ ಇದ್ದಾರೆ. ಅದು ಪ್ರತಿ ತಿಂಗಳು ಒಂದೇ ದಿನಕ್ಕೆ ಬರುವುದಿಲ್ಲ. ಕಂತಿಗೆ ಮಾತ್ರ ಒಂದೇ ದಿನ. ಆ ದುಡ್ಡನ್ನು ಕಷ್ಟಕಾಲಕ್ಕೆ ಇಟ್ಟುಕೊಳ್ಳಿ. ಅದರ ಬದಲು ನಿಜವಾಗಿ ಉಳಿತಾಯ ಆಗುವುದು ಶಕ್ತಿ ಯೋಜನೆಯ ಬಸ್ಸಿನಲ್ಲಿ. ನಾನು ನಗರತ್‌ಪೇಟೆಗೆ ಲೈನಿಂಗ್ ಬಟ್ಟೆ ತರಲು ತಿಂಗಳಿಗೆ ನಾಲ್ಕು ಸಲ ಹೋಗುತ್ತೇನೆ. ಮುಂಚೆ ಬಸ್ ಚಾರ್ಜಿಗೆ ಹೆದರಿ ಒಂದೇ ಸಲ ಜಾಸ್ತಿ ಮಾಲು ತಂದು ಸಾಲ ಮಾಡಿಕೊಳ್ಳುತ್ತಿದ್ದೆ.

ಬ್ಯಾಂಕು, ಸರ್ಕಾರದ ಯೋಜನೆ

ಬಡ್ಡಿ ಕಡಿಮೆ, ಓಡಾಟ ಜಾಸ್ತಿ. ವರ್ಷಗಟ್ಟಲೆ ಬಾಳುವ ವಸ್ತು ಕೊಳ್ಳುವುದಿದ್ದರೆ ಆ ಓಡಾಟ ಮಾಡಲೇಬೇಕು. ಹೊಲಿಗೆ ಮಿಷನ್, ಹಿಟ್ಟಿನ ಗಿರಣಿ, ಪಾರ್ಲರ್ ಸಾಮಾನು, ಇವುಗಳಿಗೆ ವಾರದ ಕಂತಿನ ಸಾಲ ತೆಗೆದುಕೊಂಡು ನರಳುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಕೇಂದ್ರ ಸರ್ಕಾರದ ಮುದ್ರಾ ಸಾಲ 2015ರ ಏಪ್ರಿಲ್ 8ರಂದು ಶುರುವಾಯಿತು. ಶಿಶು ಅಂದರೆ 50,000 ತನಕ, ಕಿಶೋರ್ ಅಂದರೆ 5 ಲಕ್ಷದ ತನಕ, ತರುಣ್ 10 ಲಕ್ಷದ ತನಕ. ತರುಣ್ ಸಾಲ ಸರಿಯಾಗಿ ತೀರಿಸಿದವರಿಗೆ ಈಗ 20 ಲಕ್ಷದ ತನಕವೂ ಇದೆ. ಅಡವು ಬೇಡ. ಇಲ್ಲೊಂದು ಎಚ್ಚರ: ಮುದ್ರಾ ಸಾಲವನ್ನು ಬ್ಯಾಂಕುಗಳ ಜೊತೆ ಮೈಕ್ರೋಫೈನಾನ್ಸ್ ಕಂಪನಿಗಳೂ ಕೊಡುತ್ತವೆ, ಅವರದೇ ಬಡ್ಡಿಯಲ್ಲಿ. "ಮುದ್ರಾ" ಅನ್ನುವ ಹೆಸರು ನೋಡಿ ಬಡ್ಡಿ ಕಡಿಮೆ ಅಂದುಕೊಳ್ಳಬೇಡಿ.

ಉದ್ಯೋಗಿನಿ ನಮ್ಮ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ಯೋಜನೆ. 18ರಿಂದ 55 ವರ್ಷದವರಿಗೆ, 3 ಲಕ್ಷದ ತನಕ ಬ್ಯಾಂಕಿನಿಂದ ಸಾಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ ಸಬ್ಸಿಡಿ, ಮನೆಯ ವರಮಾನ ವರ್ಷಕ್ಕೆ 2 ಲಕ್ಷದೊಳಗೆ ಇರಬೇಕು. ಉಳಿದವರಿಗೆ ಶೇಕಡಾ 30ರಷ್ಟು, ಹೆಚ್ಚೆಂದರೆ 90,000. ಅವರಿಗೆ ವರಮಾನದ ಮಿತಿ 1.5 ಲಕ್ಷ. ವಿಧವೆಯರಿಗೆ, ಅಂಗವಿಕಲರಿಗೆ ಆ ಮಿತಿ ಇಲ್ಲ. ಸಾಲ ಕೈಗೆ ಬರುವ ಮುಂಚೆ ಕೆಲವು ದಿನದ ತರಬೇತಿಯೂ ಇರುತ್ತದೆ. ಸಿಕ್ಕರೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ, ಆಯ್ಕೆ ಸಮಿತಿ ಇದೆ, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹಾಗಾಗಿ ಅರ್ಜಿ ಹಾಕಿ, ಆದರೆ ಅದನ್ನೇ ನಂಬಿಕೊಂಡು ಅಂಗಡಿಗೆ ಅಡ್ವಾನ್ಸ್ ಕೊಡಬೇಡಿ. ಮಧ್ಯವರ್ತಿಗಳಿಗಂತೂ ಒಂದು ಪೈಸೆ ಕೊಡಬೇಡಿ. ವಿಚಾರಿಸುವುದಕ್ಕೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿ ಇದೆ.

ಬೀದಿಯಲ್ಲಿ ಮಾರುವವರಿಗೆ ಪಿಎಂ ಸ್ವನಿಧಿ. 2020ರ ಜೂನ್‌ನಲ್ಲಿ ಕೊರೋನಾ ಹೊತ್ತಿನಲ್ಲಿ 10,000 ರೂಪಾಯಿಯಿಂದ ಶುರುವಾಗಿತ್ತು. 2025ರಲ್ಲಿ ಬದಲಾಗಿ ಮೊದಲ ಸಲ 15,000, ಅದನ್ನು ತೀರಿಸಿದರೆ 25,000, ಆಮೇಲೆ 50,000 ಆಯಿತು. ಸಮಯಕ್ಕೆ ಸರಿಯಾಗಿ ಕಟ್ಟಿದರೆ ಶೇಕಡಾ 7ರಷ್ಟು ಬಡ್ಡಿ ವಾಪಸ್ ಖಾತೆಗೆ ಬರುತ್ತದೆ. ಪಾಲಿಕೆಯಿಂದ ಬೀದಿ ವ್ಯಾಪಾರಿ ಪ್ರಮಾಣಪತ್ರ ಅಥವಾ ಶಿಫಾರಸು ಪತ್ರ ಬೇಕು. ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿದೆ. ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಅಂತ ಮೊದಲು ತಿಳಿದುಕೊಳ್ಳಿ.

ಕೆ.ಆರ್. ಮಾರ್ಕೆಟ್‌ನಿಂದ ಹೂ ತರುವ ನನ್ನ ಗೆಳತಿ ವರ್ಷಗಟ್ಟಲೆ ದಿನದ ಬಡ್ಡಿಯಲ್ಲಿ ಬದುಕಿದಳು. ಬೆಳಿಗ್ಗೆ 900 ಕೊಟ್ಟು ಸಂಜೆ 1,000 ವಾಪಸ್ ತೆಗೆದುಕೊಳ್ಳುತ್ತಾರೆ. ನೂರು ರೂಪಾಯಿ ತಾನೇ ಅನ್ನಿಸುತ್ತದೆ. ತಿಂಗಳಿಗೆ 25 ದಿನ ಅಂದರೆ 2,500 ರೂಪಾಯಿ, ಬರೀ 900ರ ಬಂಡವಾಳಕ್ಕೆ! ಅವಳಿಗೆ ಸ್ವನಿಧಿಯ ದುಡ್ಡು ಬಂದ ಮೇಲೆ ಆ 2,500 ಮನೆಯಲ್ಲೇ ಉಳಿಯಿತು. ವ್ಯಾಪಾರ ಒಂದು ಮೊಳವೂ ಹೆಚ್ಚಾಗಲಿಲ್ಲ. ಆದರೂ ಮಗಳ ಪಿಯುಸಿ ಫೀಸು ಅದರಲ್ಲೇ ಆಯಿತು. ದಿನಕ್ಕೆ ದುಡ್ಡು ತಿರುಗುವವರಿಗೆ ಬೇಕಾಗಿರುವುದು ಒಂದು ಸಲದ ಸಣ್ಣ ಬಂಡವಾಳ. ಅದು ಸಂಜೆ ಕೈಗೆ ಬಂದಾಗ ಖರ್ಚಾಗದಂತೆ ಬೇರೆ ಎತ್ತಿಡಬೇಕು, ಅಷ್ಟೇ.

ಬ್ಯಾಂಕಿಗೆ ಹೋಗುವ ಮುಂಚೆ ಎರಡು ಕೆಲಸ ಮಾಡಿ. ಕಲಬುರಗಿ, ಯಾದಗಿರಿ, ತುಮಕೂರಿನಿಂದ ಬಂದವರ ಆಧಾರ್‌ನಲ್ಲಿ ಇನ್ನೂ ಊರಿನ ವಿಳಾಸವೇ ಇರುತ್ತದೆ, ಅದನ್ನು ಬದಲಾಯಿಸಿ. ಆಮೇಲೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಮಾಡಿಸಿ. ಅದು ಪೂರ್ತಿ ಉಚಿತ, ಆಧಾರ್, ಪ್ಯಾನ್ ಬೇಕು. ಅದಕ್ಕೆ ಐನೂರು, ಸಾವಿರ ಕೇಳುವವರಿದ್ದಾರೆ, ಕೊಡಬೇಡಿ.

ಚೀಟಿ, ಚಿನ್ನ, ಮೀಟರ್ ಬಡ್ಡಿ

ಚೀಟಿ ಕೆಟ್ಟದ್ದಲ್ಲ. ಮುಂದಿನ ವರ್ಷ ಒಂದು ಮಿಷನ್ ಕೊಳ್ಳಬೇಕು ಅನ್ನುವವರಿಗೆ ಅದು ಉಳಿತಾಯವೂ ಹೌದು, ಸಾಲವೂ ಹೌದು. ಆದರೆ ನೋಂದಣಿ ಆಗಿರುವ ಚೀಟಿಗೆ ಮಾತ್ರ ಸೇರಿ. ಸರ್ಕಾರದ್ದೇ ಆದ ಎಂಎಸ್‌ಐಎಲ್ ಚೀಟಿ ನಡೆಸುತ್ತದೆ. ಪರಿಚಯದ ಅಕ್ಕನ ಚೀಟಿ ಮುಳುಗಿದರೆ ದುಡ್ಡಿನ ಜೊತೆ ಬೀದಿಯ ಸ್ನೇಹವೂ ಮುಳುಗುತ್ತದೆ. ಚಿನ್ನದ ಸಾಲ ಎರಡು ಮೂರು ತಿಂಗಳ ಕೊರತೆಗೆ ಸರಿ. ನನ್ನ ಯೂನಿಫಾರ್ಮ್ ಆರ್ಡರ್‌ಗೆ ಮೊದಲೇ ಬ್ಯಾಂಕಿನಲ್ಲಿ ಓಲೆ ಇಟ್ಟಿದ್ದರೆ ಕಂಪನಿ ಸಾಲವೇ ಬೇಕಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಆಟೋ ಮೀಟರಿನಂತೆ ಏರುತ್ತಲೇ ಹೋಗುವ ಮೀಟರ್ ಬಡ್ಡಿಯ ಬಗ್ಗೆ ಹೋಲಿಕೆಯೇ ಬೇಡ, ಅದರ ಹತ್ತಿರವೂ ಹೋಗಬೇಡಿ.

ತರಬೇತಿ: ಹೊಲಿಗೆ ಬೇರೆ, ವ್ಯಾಪಾರ ಬೇರೆ

ನಮ್ಮ ಏರಿಯಾದಲ್ಲಿ ಟೈಲರಿಂಗ್ ಕ್ಲಾಸ್ ಬೀದಿಗೆ ಎರಡಿವೆ. ಬ್ಲೌಸ್ ಹೊಲಿಯುವುದು ಎಲ್ಲರಿಗೂ ಬರುತ್ತದೆ. ಬೆಲೆ ಹೇಳುವುದು ಯಾರಿಗೂ ಬರುವುದಿಲ್ಲ. ಪಕ್ಕದವಳು 300 ತೆಗೆದುಕೊಂಡರೆ ನಾನು 250 ಅನ್ನುತ್ತಾರೆ. ಲೈನಿಂಗ್ 60, ದಾರ, ಹುಕ್ಕು 10, ಬಾಡಿಗೆ, ಕರೆಂಟಿನ ಪಾಲು 50 ಅಂತ ನನ್ನ ಅಂಗಡಿಯ ಲೆಕ್ಕ. 250ರಲ್ಲಿ ಉಳಿಯುವುದು 130. ಎರಡೂವರೆ ಗಂಟೆಯ ಕೆಲಸಕ್ಕೆ ಅದು ಗಂಟೆಗೆ 52 ರೂಪಾಯಿ. ಇದನ್ನು ಕಲಿಸುವುದು ವ್ಯಾಪಾರದ ತರಬೇತಿ. ಇದು ಗೊತ್ತಿಲ್ಲದೆ ಸಾಲ ತೆಗೆದುಕೊಂಡರೆ, ಜಾಸ್ತಿ ಹೊಲಿದಷ್ಟೂ ಜಾಸ್ತಿ ದಣಿವು ಅಷ್ಟೇ.

ಮೈಕ್ರೋಫೈನಾನ್ಸ್ ಕಂಪನಿಯವರು ಸಾಲಕ್ಕೆ ಮುಂಚೆ ಕೂರಿಸಿ ಹೇಳುವುದನ್ನೂ ತರಬೇತಿ ಅನ್ನುತ್ತಾರೆ. ಅದು ಬಹುಪಾಲು ಗುಂಪಿನ ನಿಯಮ, ಕಂತಿನ ಶಿಸ್ತು. ತಪ್ಪಲ್ಲ, ಬೇಕಾದ್ದೇ. ಆದರೆ ಅದರಿಂದ ವ್ಯಾಪಾರ ಬರುವುದಿಲ್ಲ.

ಕೈಕೆಲಸ, ವ್ಯಾಪಾರ ಎರಡನ್ನೂ ಒಟ್ಟಿಗೆ ಕಲಿಯಬೇಕಾದರೆ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ಬಹಳ ಒಳ್ಳೆಯದು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು. ಅದನ್ನು ನೋಡಿಯೇ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳು ಬಂದವು. ಊಟ, ವಸತಿ ಸೇರಿ ಎಲ್ಲ ಉಚಿತ. ಮುಗಿದ ಮೇಲೂ ಎರಡು ವರ್ಷ ವಿಚಾರಿಸಿಕೊಳ್ಳುತ್ತಾರೆ, ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ನಮಗೆ ಹತ್ತಿರದ್ದು ನೆಲಮಂಗಲದ ಕಡೆ ಇದೆ. ಆದರೆ ಅದು ಮುಖ್ಯವಾಗಿ ಹಳ್ಳಿಯ ಯುವಜನರಿಗೆ ಅಂತ ಮಾಡಿರುವುದು, ವಯಸ್ಸಿನ ಮಿತಿಯೂ ಇದೆ. ಮೊದಲು ವಿಚಾರಿಸಿ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಮನೆ ಬಿಟ್ಟು ವಾರಗಟ್ಟಲೆ ಇರುವುದು ಕಷ್ಟ, ಅಲ್ವಾ? ಅಂಥವರಿಗೆ ಊರಿನೊಳಗೇ ಅವೇಕ್ ಇದೆ. ಹೆಣ್ಣುಮಕ್ಕಳೇ ಸೇರಿ 1983ರಲ್ಲಿ ಕಟ್ಟಿದ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ ಅದು. ಅಲ್ಲಿ ವ್ಯಾಪಾರ ಮಾಡಿ ಗೊತ್ತಿರುವ ಹೆಂಗಸರೇ ಸಲಹೆ ಕೊಡುತ್ತಾರೆ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಎನ್‌ಎಸ್‌ಆರ್‌ಸಿಇಎಲ್ ಅನ್ನುವ ಉದ್ಯಮ ಕೇಂದ್ರ ಮಹಿಳಾ ಸ್ಟಾರ್ಟಪ್‌ಗಳಿಗೆ ತರಬೇತಿ ನಡೆಸುತ್ತದೆ. ಹತ್ತು ಜನಕ್ಕೆ ಕೆಲಸ ಕೊಡುವಷ್ಟು ಬೆಳೆಯುವ ಆಸೆ, ಹೊಸ ಪದಾರ್ಥದ ಯೋಚನೆ ಇದ್ದವರು ಅಲ್ಲಿಗೆ ಹೋಗಲಿ. ಬೀದಿ ಬದಿಯ ಇಡ್ಲಿ ಗಾಡಿಗೆ ಅದು ದೂರದ ಮಾತು.

ಎಲ್ಲಿಗೆ ಹೋದರೂ ಒಬ್ಬರೇ ಹೋಗಬೇಡಿ. ಅಹಮದಾಬಾದಿನಲ್ಲಿ ದುಡಿಯುವ ಹೆಂಗಸರದ್ದೇ ಸಹಕಾರಿ ಬ್ಯಾಂಕ್ ಆದ ಸೇವಾ ಬ್ಯಾಂಕ್‌ನ ಗ್ರಾಹಕರಿಗೆ ಎರಡೇ ದಿನದ ತರಬೇತಿ ಕೊಟ್ಟು ಒಂದು ಅಧ್ಯಯನ ಮಾಡಿದ್ದರು. ಅರ್ಧ ಜನರನ್ನು ಗೆಳತಿಯ ಜೊತೆ ಕರೆದಿದ್ದರು, ಉಳಿದವರನ್ನು ಒಂಟಿಯಾಗಿ. ಗೆಳತಿಯ ಜೊತೆ ಬಂದವರು ವ್ಯಾಪಾರಕ್ಕೆ ಸಾಲ ಹಾಕಿದ್ದು ಹೆಚ್ಚು, ಅವರ ಮನೆಯ ವರಮಾನವೂ ಏರಿತು. ಒಂಟಿಯಾಗಿ ಬಂದವರಲ್ಲಿ ಅಷ್ಟು ಬದಲಾವಣೆ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಕಲಿತಿದ್ದನ್ನು ಮನೆಗೆ ಬಂದು ಹೇಳಿದರೆ "ಸುಮ್ನೆ ಇರು" ಅನ್ನುವವರೇ ಜಾಸ್ತಿ. ಪಕ್ಕದಲ್ಲಿ ಗೆಳತಿ ಇದ್ದರೆ ಇಬ್ಬರೂ ಧೈರ್ಯ ಮಾಡುತ್ತಾರೆ.

ಸಾಲ ಯಾರ ಹೆಸರಲ್ಲಿ, ದುಡ್ಡು ಯಾರ ಕೈಯಲ್ಲಿ

ಇದನ್ನು ಹೇಳದೆ ಬಿಡಲಾರೆ. ಸಾಲ ಹೆಂಡತಿಯ ಹೆಸರಲ್ಲಿ, ದುಡ್ಡು ಗಂಡನ ಆಟೋ ಕಂತಿಗೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಸಂಸಾರ ಇಬ್ಬರದ್ದು. ಆದರೆ ಕಂತು ಕಟ್ಟಬೇಕಾದ ದಿನ ಸೆಂಟರ್ ಮೀಟಿಂಗ್‌ನಲ್ಲಿ ತಲೆ ತಗ್ಗಿಸಿ ಕೂರುವುದು ನೀವು. ಸಾಲದ ದುಡ್ಡು ಬಂದ ದಿನವೇ ಮಾಲು ಅಥವಾ ಮಿಷನ್ ಕೊಂಡುಬಿಡಿ. ವ್ಯಾಪಾರದ ದುಡ್ಡಿಗೆ ಬೇರೆ ಡಬ್ಬಿ, ಸಾಧ್ಯವಾದರೆ ಬೇರೆ ಬ್ಯಾಂಕ್ ಖಾತೆ, ಬೇರೆ ಫೋನ್ ಪೇ ಇರಲಿ. ಮಗಳ ಮದುವೆಗೆ ಅಂತ ವ್ಯಾಪಾರದ ಸಾಲ ತೆಗೆದುಕೊಂಡವರು ಯಾರೂ ಸುಲಭವಾಗಿ ತೀರಿಸಿದ್ದನ್ನು ನಾನು ನೋಡಿಲ್ಲ. ಇನ್ನೊಂದು ಸಾಲ ತೆಗೆದು ಹಿಂದಿನ ಕಂತು ಕಟ್ಟುವ ದಿನ ಬಂದರೆ, ಅವತ್ತೇ ನಿಲ್ಲಿಸಿ, ಗುಂಪಿನವರ ಹತ್ತಿರ ಬಾಯಿಬಿಟ್ಟು ಹೇಳಿ.

2025ರ ಶುರುವಿನಲ್ಲಿ ನಮ್ಮ ರಾಜ್ಯದ ಜಿಲ್ಲೆಗಳಿಂದ ಎಂಥ ಸುದ್ದಿಗಳು ಬಂದವು ಅಂತ ನಿಮಗೆ ನೆನಪಿರಬಹುದು. ವಸೂಲಿಯ ಕಾಟಕ್ಕೆ ಮನೆ ಬಿಟ್ಟವರು, ಜೀವ ಕಳೆದುಕೊಂಡವರು. ಆ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ರಿಸರ್ವ್ ಬ್ಯಾಂಕ್ ನಿಯಮದಲ್ಲೂ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಗೆ ಕಾಟ ಕೊಡುವಂತಿಲ್ಲ. ಬ್ಯಾಂಕು, ಮೈಕ್ರೋಫೈನಾನ್ಸ್ ಕಂಪನಿಯ ಮೇಲೆ ದೂರಿದ್ದರೆ ಮೊದಲು ಆ ಕಂಪನಿಗೇ ಬರೆದು ಕೊಡಿ, ನಕಲು ಇಟ್ಟುಕೊಳ್ಳಿ. ಕೇಳದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿ. ಬೆದರಿಕೆ ಇದ್ದರೆ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ, ಗುಂಪಿನ ನಾಲ್ಕು ಜನ ಜೊತೆಗೆ ಹೋಗಿ.

ಸಾಲ ಪೂರ್ತಿ ತೀರಿದ ದಿನ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ತೆಗೆದುಕೊಳ್ಳಿ. ಎರಡು ತಿಂಗಳು ಬಿಟ್ಟು ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಎಲ್ಲಾ ಸಾಲದ ದಾಖಲೆ, ತೆಗೆಸಿ ನೋಡಿ, ವರ್ಷಕ್ಕೆ ಒಂದು ಸಲ ಉಚಿತವಾಗಿ ಸಿಗುತ್ತದೆ. ನಮ್ಮ ಸಂಘದ ಒಬ್ಬಳಿಗೆ ಬ್ಯಾಂಕು ಮುದ್ರಾ ಸಾಲ ಕೊಡಲಿಲ್ಲ. ವಿಚಾರಿಸಿದರೆ ಎರಡು ವರ್ಷದ ಹಿಂದೆ ತೀರಿಸಿದ್ದ ಸಾಲ ಇನ್ನೂ ಬಾಕಿ ಅಂತಲೇ ತೋರಿಸುತ್ತಿತ್ತು. ಆ ಪತ್ರ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇತ್ತು. ಅದನ್ನು ತೋರಿಸಿ ಸರಿಮಾಡಿಸುವುದಕ್ಕೆ ಒಂದು ತಿಂಗಳು ಹಿಡಿಯಿತು. ಈಗ ಅವಳ ಹಿಟ್ಟಿನ ಗಿರಣಿ ಬೆಳಿಗ್ಗೆ ಏಳಕ್ಕೇ ಶುರುವಾಗುತ್ತದೆ. ಕಂತು ತಿಂಗಳ 10ನೇ ತಾರೀಕು, ಬಾಡಿಗೆ ಮನೆಗಳಿಗೆ ಸಂಬಳ ಬಂದು ಎಲ್ಲರೂ ರಾಗಿ, ಗೋಧಿ ತಂದು ಬೀಸಿಸಿಕೊಂಡು ಹೋದ ಮೇಲೆ. ಆ ತಾರೀಕನ್ನು ಬ್ಯಾಂಕಿನಲ್ಲಿ ಅವಳೇ ಕೇಳಿ ಹಾಕಿಸಿಕೊಂಡಳು.